ಟ್ರಾನ್ಸಿಸ್ಟರ್‌ಗೆ ದುಡ್ಡು ಇದೆ, ಹುಡುಕಾಟಕ್ಕೆ ಇಲ್ಲ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತು. ಮುಂಬಯಿಯ ಆರ್ಕೆಸ್ಟ್ರಾದವರ ಜೊತೆ, ಅಂದ್ರೆ ನಮ್ಮವರ ಜೊತೆಗೇ.

ಬ್ಯಾಂಡಿನ ಹಳೆ ಪವರ್ ಆಂಪ್, ಅಂದ್ರೆ ಸ್ಪೀಕರ್‌ಗೆ ಬಲ ಕೊಡುವ ಪೆಟ್ಟಿಗೆ, ಕೆಟ್ಟರೆ ಒಳಗಿನ ಬಿಡಿಭಾಗಕ್ಕೆ, ಅಂದ್ರೆ ಕರೆಂಟನ್ನು ಹಿಡಿತದಲ್ಲಿಡುವ ಟ್ರಾನ್ಸಿಸ್ಟರ್‌ನಂಥ ಪಾರ್ಟ್‌ಗೆ, ಕೇಳಿದಷ್ಟು ಕೊಡುತ್ತೇವೆ. ಅದು ಯಾಕೆ ಕೆಟ್ಟಿತು ಅಂತ ಕೂತು ಹುಡುಕುವವನ ಹತ್ತಿರ ಮಾತ್ರ ಚೌಕಾಸಿ. ನಮ್ಮ ಆಂಪ್‌ಗಳು ಮತ್ತೆ ಮತ್ತೆ ಸುಡುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ವಾದ.

ಡೊಂಬಿವಲಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಉಡುಪಿ ಕಡೆಯವರು. ನಾವೆಲ್ಲ ಮಾಮ ಅಂತಲೇ ಕರೆಯುವುದು. ಗಣಪತಿ ಹಬ್ಬ ಹತ್ತಿರ ಬಂತು ಅಂದರೆ ಅವರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಒಬ್ಬ ಹುಡುಗ ಬಿಲ್ ನೋಡಿ ಕೇಳಿದ: "ಮಾಮ, ಬರೀ ಎರಡು ಟ್ರಾನ್ಸಿಸ್ಟರ್ ಹಾಕಿದ್ದಕ್ಕೆ ಇಷ್ಟಾ?"

"ಟ್ರಾನ್ಸಿಸ್ಟರ್ ದುಡ್ಡು ಬೇಡ ಮಾರಾಯಾ. ಎರಡು ದಿನ ಕೂತಿದ್ದೇನಲ್ಲ, ಅದರದ್ದು ಕೊಡು."

ಆ ಆಂಪ್ ಅದಕ್ಕೂ ಮೊದಲು ಬೇರೆ ಕಡೆ ರಿಪೇರಿ ಆಗಿತ್ತು. ಸುಟ್ಟ ಟ್ರಾನ್ಸಿಸ್ಟರ್ ತೆಗೆದು ಹೊಸದು ಹಾಕಿ ಕೊಟ್ಟಿದ್ದರು. ಅಂಗಡಿಯಲ್ಲಿ ಚೆನ್ನಾಗಿಯೇ ಹಾಡುತ್ತಿತ್ತು. ಪೆಂಡಾಲಿಗೆ ಒಯ್ದರೆ ಒಂದು ಗಂಟೆ ಹಾಡಿ, ಫ್ಯೂಸ್ ಹಾರಿಸಿ ಸುಮ್ನಾಗುತ್ತಿತ್ತು.

ಮಾಮ ಏನು ಮಾಡಿದರು ನೋಡಿ. ಮೊದಲು ಸೀರೀಸ್ ಬೋರ್ಡ್. ಕರೆಂಟಿನ ದಾರಿಯಲ್ಲಿ ಒಂದು 100 ವಾಟ್ ಬಲ್ಬ್ ಸೇರಿಸಿ, ಅದರ ಮೂಲಕ ಆಂಪ್‌ಗೆ ಸಪ್ಲೈ ಕೊಡುವುದು. ತಂತಿ ಇರುವ ಹಳೆ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಆನ್ ಮಾಡಿದ ಕೂಡಲೇ ಬಲ್ಬ್ ಒಮ್ಮೆ ಝಗ್ ಅಂತ ಉರಿಯುತ್ತದೆ. ಒಳಗೆ ಕರೆಂಟ್ ಹಿಡಿದಿಡುವ ದೊಡ್ಡ ಕೆಪ್ಯಾಸಿಟರ್‌ಗಳು ತುಂಬುತ್ತಿವೆ ಅಂತ ಅರ್ಥ. ಆಮೇಲೆ ಮಂಕಾಗಿ ಬರೀ ಎಳೆ ಕೆಂಪಗೆ ಕಂಡರೆ ಒಳ್ಳೆಯದು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆದರೆ ಬಲ್ಬ್ ತಡೆದಿರುವುದರಿಂದ ಹೊಸ ಪಾರ್ಟ್ ಸುಡುವುದಿಲ್ಲ. ಫ್ಯೂಸ್ ಹಾರಿತು ಅಂತ ತಾಮ್ರದ ತಂತಿ ಸುತ್ತಿ ಆನ್ ಮಾಡುವ ಶೂರರು ಇದನ್ನು ಒಮ್ಮೆ ನೋಡಬೇಕು.

ಇವರ ಮುಂದೆ ಬಲ್ಬ್ ಮಂಕಾಯಿತು. ಅಂದರೆ ತಣ್ಣಗಿರುವಾಗ ಆಂಪ್‌ಗೆ ಏನೂ ಆಗಿಲ್ಲ. ಬೇರೆಯವರು ಇಲ್ಲಿಗೇ ಮುಚ್ಚಳ ಮುಚ್ಚುತ್ತಿದ್ದರು. ಮಾಮ ಸ್ಪೀಕರ್ ಬದಲಿಗೆ ಡಮ್ಮಿ ಲೋಡ್, ಅಂದ್ರೆ ಅಷ್ಟೇ ಹೊರೆ ಕೊಡುವ ದೊಡ್ಡ ರೆಸಿಸ್ಟರ್ ಹಾಕಿ, ಬಿಸಿ ಏರಲು ಬಿಟ್ಟು, ಮೀಟರ್ ಹಿಡಿದು ಕೂತರು. ಸ್ಪೀಕರ್‌ಗೆ ಬಲ ಕೊಡುವ ದೊಡ್ಡ ಔಟ್‌ಪುಟ್ ಟ್ರಾನ್ಸಿಸ್ಟರ್ ಪಕ್ಕದಲ್ಲಿ 0.22 ಓಮ್‌ನ (ಓಮ್ ಅಂದ್ರೆ ಕರೆಂಟಿಗೆ ಇರುವ ತಡೆಯ ಅಳತೆ) ಬಿಳಿ ರೆಸಿಸ್ಟರ್ ಇರುತ್ತದಲ್ಲ, ಅದರ ಎರಡು ತುದಿಗೆ ಮೀಟರ್ ಮುಟ್ಟಿಸಿದರೆ ಕೆಲವು ಮಿಲಿವೋಲ್ಟ್ ಕಾಣುತ್ತದೆ. ಹಾಡು ಇಲ್ಲದಾಗಲೂ ಹರಿಯುವ ಕರೆಂಟಿನ ಲೆಕ್ಕ ಅದು. ಆ ಅಂಕಿ ಒಂದೆಡೆ ನಿಲ್ಲಬೇಕು. ಇದರಲ್ಲಿ ನಿಲ್ಲಲಿಲ್ಲ. ಬಿಸಿ ಏರಿದಂತೆ ಅಂಕಿಯೂ ಏರುತ್ತಲೇ ಹೋಯಿತು.

ಕಾರಣ ಸಿಕ್ಕಿದ್ದು ಒಂದು ಚಿಕ್ಕ ಟ್ರಾನ್ಸಿಸ್ಟರ್‌ನಲ್ಲಿ. ಅದು ಹೀಟ್‌ಸಿಂಕ್‌ಗೆ, ಅಂದ್ರೆ ಬಿಸಿ ಹೀರಿ ಹೊರಹಾಕುವ ಲೋಹದ ತುಂಡಿಗೆ, ಅಂಟಿಕೊಂಡು ಕೂತಿರಬೇಕು. ಬಿಸಿ ಎಷ್ಟಿದೆ ಅಂತ ನೋಡಿ ಕರೆಂಟ್ ಇಳಿಸುವುದು ಅದರ ಕೆಲಸ. ದೊಡ್ಡ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಎಳೆದಷ್ಟೂ ಇನ್ನೂ ಬಿಸಿಯಾಗುತ್ತದೆ. ತಡೆಯುವವರಿಲ್ಲದಿದ್ದರೆ ಕೊನೆಗೆ ಢಂ. ಹಿಂದೆ ರಿಪೇರಿ ಮಾಡಿದವರು ಬೋರ್ಡ್ ಎತ್ತಿದಾಗ ಈ ಚಿಕ್ಕದು ಹೀಟ್‌ಸಿಂಕ್ ಬಿಟ್ಟು ಗಾಳಿಯಲ್ಲಿ ನಿಂತಿತ್ತು. ಯಾರೂ ನೋಡಿಲ್ಲ. ಸಾಲದ್ದಕ್ಕೆ ಫ್ಯಾನ್ ತಿರುಗುತ್ತಿರಲಿಲ್ಲ. ಬಿಚ್ಚಿದರೆ ರೆಕ್ಕೆಯ ತುಂಬ ಗುಲಾಲು, ಮೆರವಣಿಗೆಯದ್ದು. ಮಳೆಗಾಲದ ತೇವಕ್ಕೆ ಗಟ್ಟಿಯಾಗಿ ಗುಲಾಬಿ ಬಣ್ಣದ ಗಾರೆ ಆಗಿತ್ತು.

ಹುಡುಗ ಹೇಳಿದ ಆ ಎರಡು ಟ್ರಾನ್ಸಿಸ್ಟರ್ ಬಿಟ್ಟರೆ, ಮೂಲ ಕಾಯಿಲೆಗೆ ಬೇಕಾದ ಸಾಮಾನು ಇಷ್ಟೇ: ಬಿಸಿ ದಾಟಿಸುವ ಸ್ವಲ್ಪ ಥರ್ಮಲ್ ಪೇಸ್ಟ್, ಒಂದು ಸ್ಕ್ರೂ, ಫ್ಯಾನಿಗೆ ಬ್ರಷ್. ಈಗ ಹೇಳಿ, ಬಿಲ್ ಯಾವುದಕ್ಕೆ ಬರೆಯಬೇಕು? ಸ್ಕ್ರೂಗಾ? ಸಮಯಕ್ಕೆ ಬೆಲೆ ಇಲ್ಲ ಅಂತ ಗೊತ್ತಿರುವುದರಿಂದಲೇ ಎಷ್ಟೋ ಮೆಕ್ಯಾನಿಕ್‌ಗಳು "ಟ್ರಾನ್ಸಿಸ್ಟರ್ ಹೋಗಿದೆ" ಅನ್ನುತ್ತಾರೆ. ನಮಗೂ ಅದೇ ಕೇಳಬೇಕು. ಕೈಯಲ್ಲಿ ಹಿಡಿದು ನೋಡಬಹುದಾದ ಸಾಮಾನು ಅಲ್ವಾ!

ಆ ಸಾಮಾನಿನದ್ದೇ ಇನ್ನೊಂದು ತಕರಾರು. ಗ್ರ್ಯಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಸಿಗದ ಪಾರ್ಟ್ ಇಲ್ಲ. ಅಸಲಿಯೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. 5200 ಮತ್ತು 1943 ನಂಬರಿನ ಟ್ರಾನ್ಸಿಸ್ಟರ್ ಜೋಡಿ ನಮ್ಮ ಆಂಪ್‌ಗಳಲ್ಲಿ ಸರ್ವೇಸಾಮಾನ್ಯ. ಅಸಲಿ 230 ವೋಲ್ಟ್, 15 ಆಂಪಿಯರ್ ತಡೆಯುತ್ತದೆ. ಸತ್ತ ನಕಲಿಯೊಂದನ್ನು ಮಾಮ ಇಕ್ಕಳದಲ್ಲಿ ಒಡೆದು ತೋರಿಸಿದರು. ಹೊರಗೆ ಅದೇ ಅಚ್ಚು, ಅದೇ ನಂಬರ್. ಒಳಗಿನ ಚಿಪ್ ಮಾತ್ರ ಎಳ್ಳುಕಾಳಿನಷ್ಟು. ಪಕ್ಕದಲ್ಲಿ ಒಡೆದ ಅಸಲಿಯ ಚಿಪ್ ಅದರ ಹಲವು ಪಟ್ಟು ದೊಡ್ಡದು. ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿಪಡುವಾಗ ಇದು ನೆನಪಿರಲಿ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಇನ್ನು ನಾವು ಮಾಡುವ ಕಿತಾಪತಿ. ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಅಂತ ಯಾರೋ ಅಂದರೆ, ತಕ್ಷಣ ಆಂಪ್‌ನ ಅದೇ ಚಾನೆಲ್‌ಗೆ ಇನ್ನೆರಡು ಸ್ಪೀಕರ್ ಬಾಕ್ಸ್ ಜೋಡಿಸುತ್ತೇವೆ. 8 ಓಮ್‌ನ ಎರಡು ಬಾಕ್ಸ್ ಪ್ಯಾರಲೆಲ್ ಆದರೆ 4 ಓಮ್. ನಾಲ್ಕಾದರೆ 2 ಓಮ್. ಓಮ್ ಇಳಿದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. ಆಂಪ್ ಬೆನ್ನ ಮೇಲೆ ಕನಿಷ್ಠ 4 ಅಂತ ಬರೆದಿರುತ್ತದೆ. ಯಾರು ಓದುತ್ತಾರೆ? ಟ್ರಾನ್ಸಿಸ್ಟರ್ ಶಾರ್ಟ್ ಆದ ದಿನ, ಸ್ಪೀಕರ್ ಕಾಯುವ ರಿಲೇ ಸ್ವಿಚ್ ಕೈಕೊಟ್ಟರೆ, ಒಳಗಿನ 50, 60 ವೋಲ್ಟ್ ಡಿಸಿ (ಒಂದೇ ದಿಕ್ಕಿನ ಕರೆಂಟ್) ಸೀದಾ ಸ್ಪೀಕರ್‌ಗೆ ಹೋಗಿ ವೂಫರ್ ಕಾಯಿಲ್ ಸುಟ್ಟುಬಿಡುತ್ತದೆ. ಹಾಗಾಗಿ ರಿಪೇರಿ ಆದ ಆಂಪ್‌ಗೆ ಸ್ಪೀಕರ್ ಜೋಡಿಸುವ ಮೊದಲು ಅದರ ಟರ್ಮಿನಲ್‌ನಲ್ಲಿ ಡಿಸಿ ನೋಡಿಸಿಕೊಳ್ಳಿ. 50 ಮಿಲಿವೋಲ್ಟ್ ಒಳಗಿದ್ದರೆ ಸಾಕು.

ಮನೆಯಲ್ಲೇ ಬಿಚ್ಚುವವರಿಗೆ ಒಂದೇ ಮಾತು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಪ್ಲಸ್ 60, ಮೈನಸ್ 60 ಇದ್ದರೆ ಎರಡರ ನಡುವೆ 120 ವೋಲ್ಟ್. ದೊಡ್ಡ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಈ ಅಭ್ಯಾಸ ಇಲ್ಲದವರು ಬಿಚ್ಚಲೇಬೇಡಿ.

"ಇಷ್ಟೆಲ್ಲ ರಗಳೆ ಯಾಕೆ, ಹೊಸ ಕ್ಲಾಸ್ ಡಿ ತಗೊಳ್ಳಿ" ಅನ್ನುತ್ತೀರಿ, ಅಂದ್ರೆ ಹಗುರವಾದ ಹೊಸ ನಮೂನೆಯ ಆಂಪ್. ಲೋಕಲ್ ಟ್ರೈನಿನ ಲಗೇಜ್ ಡಬ್ಬಿಯಲ್ಲಿ ಹಳೆ ಆಂಪ್ ಹೊತ್ತವನಿಗೆ ಆ ಆಸೆ ಸಹಜ. ದುಡ್ಡಿದ್ದರೆ ತಗೊಳ್ಳಿ, ಸೊಂಟ ಉಳಿಯುತ್ತದೆ. ಆದರೆ ಅದು ಕೆಟ್ಟರೆ ಹೆಚ್ಚಾಗಿ ಇಡೀ ಬೋರ್ಡೇ ಬದಲಿಸಬೇಕು. ಹಳೆಯದರಲ್ಲಿ ಒಂದೊಂದು ಪಾರ್ಟೂ ಕಣ್ಣಿಗೆ ಕಾಣುತ್ತದೆ, ಸೋಲ್ಡರಿಂಗ್ ಕಡ್ಡಿಗೆ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಬೋರ್ಡ್ ಕರಿಯಾಗಿದ್ದರೆ ಬೇರೆ ಮಾತು. ಅದನ್ನು ಗುಜರಿಗೆ ಹಾಕಿ, ತಾಮ್ರದ ದುಡ್ಡಾದರೂ ಬರಲಿ.

ಲೌಡ್‌ಸ್ಪೀಕರ್‌ಗೆ 2000ನೇ ಇಸವಿಯ ನಿಯಮ ಇದೆ. ಸರಕಾರ ವಿನಾಯಿತಿ ಕೊಟ್ಟ ಕೆಲವು ದಿನ ಬಿಟ್ಟರೆ ರಾತ್ರಿ ಹತ್ತಕ್ಕೆ ಮೈಕ್ ಬಂದ್. ಎಂಟೂವರೆಗೆ ಆಂಪ್ ಹೋದರೆ ಕಾರ್ಯಕ್ರಮವೇ ಹೋದಂತೆ. ಆದ್ದರಿಂದ ಹಬ್ಬದ ಹಿಂದಿನ ದಿನ ಓಡಬೇಡಿ, ಜೂನ್‌ನಲ್ಲೇ ಒಯ್ಯಿರಿ. ಒಯ್ಯುವಾಗ ಎಷ್ಟು ಬಾಕ್ಸ್ ಹಾಕಿದ್ದಿರಿ, ಎಷ್ಟು ಹೊತ್ತು ಹಾಡಿತು, ಜನರೇಟರೋ ಮನೆ ಕರೆಂಟೋ, ಎಲ್ಲ ನಿಜ ಹೇಳಿ. ಹುಡುಕುವುದಕ್ಕೆ ಇಷ್ಟು, ಪಾರ್ಟಿನ ದುಡ್ಡು ಬೇರೆ ಅಂತ ಮೊದಲೇ ಮಾತಾಡಿಕೊಳ್ಳಿ. ಏನೂ ಬದಲಿಸದೆ ಬರೀ ಕಾರಣ ಹೇಳಿದರೂ ಆ ದುಡ್ಡು ಕೊಡಿ. ಪಾರ್ಟ್ ಬದಲಿಸಿದ್ದರೆ ಹಳೆಯದನ್ನು ಕೇಳಿ ವಾಪಸ್ ತಗೊಳ್ಳಿ.