ಲಿಗಮೆಂಟ್ ಶಸ್ತ್ರಚಿಕಿತ್ಸೆಯ ಬಳಿಕ ಮಂಡಿಯ ಮುಂದಿನ ದಿನಗಳು

ಶ್ರೋತೃಗಳಿಗೆ ನಮಸ್ಕಾರ.

ಓಡುತ್ತಿದ್ದ ಆಟಗಾರ ಗಕ್ಕನೆ ತಿರುಗಿದಾಗ ಮಂಡಿಯೊಳಗೆ ‘ಟಪ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ಅನೇಕ ವೇಳೆ ಹರಿದಿರುವುದು ಎ.ಸಿ.ಎಲ್. ಎಂಬ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ಕಟ್ಟು. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಈ ಕಟ್ಟನ್ನು ಸಾಮಾನ್ಯವಾಗಿ ರೋಗಿಯದೇ ಸ್ನಾಯುರಜ್ಜುವಿನಿಂದ ಮರುನಿರ್ಮಿಸುತ್ತಾರೆ. ಹಾಗೆ ಮಾಡಿಸಿಕೊಂಡವರು ಮುಂದೆ ಕೃತಕ ಮಂಡಿಯನ್ನೇ ಹಾಕಿಸಿಕೊಳ್ಳಬೇಕಾದೀತೇ ಎಂಬ ಪ್ರಶ್ನೆ ಸಹಜವಾದದ್ದು.

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ಈ ಬಗೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 30,000 ಜನರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 15 ವರ್ಷಗಳೊಳಗೆ ಮಂಡಿ ಬದಲಿಸಿಕೊಂಡವರ ಪ್ರಮಾಣ ಅವರಲ್ಲಿ ಶೇ. 1.4, ಹೋಲಿಕೆಗೆ ಆರಿಸಿಕೊಂಡ ಸಾಮಾನ್ಯ ಜನರಲ್ಲಿ ಶೇ. 0.2. ಏಳು ಪಟ್ಟು ಎಂದೊಡನೆ ಎದೆ ಝಲ್ಲೆನ್ನುತ್ತದೆ. ನೂರರಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಆ ಅವಧಿಯಲ್ಲಿ ಮಂಡಿ ಬದಲಿಸಿಕೊಳ್ಳಲಿಲ್ಲ ಎಂದರೆ ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೂ ಮಿತಿಯಿದೆ: ಈ ಚಿಕಿತ್ಸೆ ಪಡೆಯುವವರಲ್ಲಿ ಬಹುಪಾಲು ಎಳೆಯ ಪ್ರಾಯದವರಾದ್ದರಿಂದ, ಹದಿನೈದು ವರ್ಷ ಕಳೆದರೂ ಅವರು ಸಾಮಾನ್ಯವಾಗಿ ಮಂಡಿ ಬದಲಿಸುವ ವಯಸ್ಸನ್ನು ಮುಟ್ಟಿರುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಲ್ಲಿನ ಹೋಲಿಕೆ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೂ ಸಾಮಾನ್ಯ ಜನರಿಗೂ ನಡುವಿನದು. ಲಿಗಮೆಂಟ್ ಹರಿದೂ ಶಸ್ತ್ರಚಿಕಿತ್ಸೆ ಬೇಡವೆಂದವರೊಡನೆ ಮಾಡಿದ್ದಲ್ಲ. ಆದ್ದರಿಂದ ಹೆಚ್ಚಿದ ಅಪಾಯವನ್ನೆಲ್ಲ ಶಸ್ತ್ರಚಿಕಿತ್ಸೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಲಿಗಮೆಂಟ್ ಹರಿಯುವ ಕ್ಷಣದಲ್ಲೇ ತೊಡೆಮೂಳೆಯೂ ಕಣಕಾಲಿನ ಮೂಳೆಯೂ ಒಂದಕ್ಕೊಂದು ಅಪ್ಪಳಿಸಿ, ಅವುಗಳ ತುದಿಯನ್ನು ಹೊದಿಸಿರುವ ನುಣುಪಾದ ಪದರ, ಅಂದರೆ ಮೃದ್ವಸ್ಥಿ, ಜಜ್ಜಿಹೋಗಬಹುದು. ರಕ್ತನಾಳಗಳೇ ಇಲ್ಲದ ಆ ಪದರ ತಾನಾಗಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಎರಡು ಮೂಳೆಗಳ ನಡುವೆ ಮೆತ್ತೆಯಂತಿದ್ದು ಭಾರವನ್ನು ಹಂಚುವ ಮೆನಿಸ್ಕಸ್ ಕೂಡ ಹಲವರಲ್ಲಿ ಜೊತೆಗೇ ಹರಿದಿರುತ್ತದೆ. ಮೆನಿಸ್ಕಸ್ ತೆಗೆದುಹಾಕಿದ ಮಂಡಿಗಳ ಎಕ್ಸ್-ರೇಗಳಲ್ಲಿ ಕಾಣುವ ಬದಲಾವಣೆಗಳನ್ನು ಬ್ರಿಟನ್ನಿನ ಶಸ್ತ್ರವೈದ್ಯ ಫೇರ್‌ಬ್ಯಾಂಕ್ 1948ರಷ್ಟು ಹಿಂದೆಯೇ ವಿವರಿಸಿದ್ದರು. ಹೊಸ ಲಿಗಮೆಂಟ್ ಮಂಡಿಯನ್ನು ಸ್ಥಿರಗೊಳಿಸುತ್ತದೆ, ಆಗಿಹೋದ ಈ ಪೆಟ್ಟುಗಳನ್ನು ಅಳಿಸುವುದಿಲ್ಲ.

ಐವತ್ತು ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿಯೂ ಮಹಿಳೆಯರಲ್ಲಿಯೂ ಅಪಾಯ ಹೆಚ್ಚೆಂದು ಅದೇ ಅಧ್ಯಯನ ಕಂಡುಕೊಂಡಿತು. ವರ್ಷಕ್ಕೆ ಇಂಥ ಶಸ್ತ್ರಚಿಕಿತ್ಸೆಗಳನ್ನು ತೀರ ಕಡಿಮೆ ಮಾಡುವ ವೈದ್ಯರ ರೋಗಿಗಳಲ್ಲಿಯೂ ಹೀಗೆಯೇ. ‘ವರ್ಷಕ್ಕೆ ಎಷ್ಟು ಮಾಡುತ್ತೀರಿ, ಡಾಕ್ಟರೇ?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ವಯಸ್ಸನ್ನು ಬದಲಿಸಲಾಗದು, ತೂಕವನ್ನು ಹತೋಟಿಯಲ್ಲಿಡಬಹುದು, ತೊಡೆಯ ಸ್ನಾಯುಗಳನ್ನು ವ್ಯಾಯಾಮದಿಂದ ಬಲಪಡಿಸಬಹುದು, ವೈದ್ಯರು ಒಪ್ಪುವ ಮುನ್ನ ಮೈದಾನಕ್ಕೆ ಧಾವಿಸದಿರಬಹುದು. ಮೆನಿಸ್ಕಸ್ಸಿಗೆ ಹೊಲಿಗೆ ಹಾಕಲಾಯಿತೇ, ಇಲ್ಲವೇ ಕತ್ತರಿಸಿ ತೆಗೆಯಲಾಯಿತೇ ಎಂಬುದನ್ನು ಕೇಳಿ ತಿಳಿದುಕೊಂಡು, ಆ ವಿವರವುಳ್ಳ ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿಡಿ. ಹತ್ತಾರು ವರ್ಷಗಳ ನಂತರ ಮಂಡಿ ನೋಯತೊಡಗಿದರೆ ವೈದ್ಯರು ಮೊದಲು ಕೇಳುವ ಸಂಗತಿಗಳಲ್ಲಿ ಅದೂ ಒಂದು.