ಈ ಬೆಂಕಿಕಡ್ಡಿ ಎಷ್ಟು ದಪ್ಪದ ಕಂಬ?

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಒಂದು ಬೆಂಕಿಕಡ್ಡಿ. ದಪ್ಪ ಸುಮಾರು 2 ಮಿ.ಮೀ. ಇದನ್ನು 87ರಿಂದ ಗುಣಿಸಿ, 174 ಬರುತ್ತದೆ. ಅಂದರೆ ಎಚ್‌ಒ ಅಳತೆಯ, ಎಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲಿನಷ್ಟಿರುವ, ಮಾದರಿ ರೈಲಿನ ಪಕ್ಕ ನಿಲ್ಲಿಸಿದರೆ ಇದು 17 ಸೆಂ.ಮೀ. ದಪ್ಪದ ಮರದ ಕಂಬ. ಗೂಡ್ಸ್ ಶೆಡ್ಡಿನ ಮಾಡು ಹೊರಲು ಧಾರಾಳವಾಯಿತು. ಇನ್ನೂ ಚಿಕ್ಕದಾದ, 160ರಲ್ಲಿ ಒಂದು ಪಾಲಿನ ಎನ್ ಅಳತೆಯವರು 160ರಿಂದ ಗುಣಿಸಬೇಕು. ಆಗ ಇದೇ ಕಡ್ಡಿ 32 ಸೆಂ.ಮೀ. ಆಗಿಬಿಡುತ್ತದೆ, ಅದು ಜಾಸ್ತಿ, ಉದ್ದಕ್ಕೆ ಸೀಳಿಕೊಳ್ಳಬೇಕು.

ಮಾದರಿ ರೈಲಿಗೆ ರದ್ದಿಯಿಂದ ಕಟ್ಟಡ ಮಾಡುವಾಗ ನಾವೆಲ್ಲ ಸಾಮಾನ್ಯವಾಗಿ ಒಂದು ವಸ್ತು ಯಾವುದರ ಹಾಗೆ ಕಾಣುತ್ತದೆ ಅಂತ ನೋಡುತ್ತೇವೆ. ಬಾಟಲಿ ಮುಚ್ಚಳ ಕಂಡರೆ ನೀರಿನ ಟ್ಯಾಂಕ್, ಖಾಲಿ ರೀಫಿಲ್ ಕಂಡರೆ ಪೈಪು. ಅದು ತಪ್ಪಲ್ಲ. ಆದರೆ ಮೊದಲು ದಪ್ಪ ಅಳೆಯಿರಿ ಅಂತ ನಾನು ಹೇಳುತ್ತೇನೆ. ಐಸ್‌ಕ್ರೀಂ ಕಡ್ಡಿಯನ್ನು ಹಾಗೇ ಸಾಲಾಗಿ ಅಂಟಿಸಿ ಹಲಗೆ ಗೋಡೆ ಮಾಡಿದವರನ್ನು ಎಷ್ಟೋ ಸಲ ನೋಡಿದ್ದೇನೆ. 1 ಸೆಂ.ಮೀ. ಅಗಲದ ಕಡ್ಡಿ ಎಚ್‌ಒದಲ್ಲಿ 87 ಸೆಂ.ಮೀ. ಅಗಲದ ಹಲಗೆ! ಅಂಥ ಹಲಗೆ ಯಾವ ಶೆಡ್ಡಿನಲ್ಲಿದೆ ಹೇಳಿ? ಅದನ್ನೇ ನಾಲ್ಕೈದು ಸೀಳು ಮಾಡಿದರೆ ಗೋಡೆ ಒಮ್ಮೆಲೇ ನಿಜವಾಗುತ್ತದೆ.

ಇಟ್ಟಿಗೆ ಗೋಡೆಗೆ ಬರೋಣ. ಔಷಧಿ, ಬಿಸ್ಕತ್ತು, ಟೂತ್‌ಪೇಸ್ಟ್ ಬರುವ ತೆಳು ರಟ್ಟಿನ ಡಬ್ಬಿ ಇದೆಯಲ್ಲ, ಅದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿ.ಮೀ. ಒಂಬತ್ತು ಇಂಚಿನ ಗೋಡೆ ಎಚ್‌ಒದಲ್ಲಿ 2.6 ಮಿ.ಮೀ. ಆಗುತ್ತದೆ. ಹಾಗಾದರೆ ಐದು ಪದರ ಬೇಕು. ಐದೂ ಪದರದಲ್ಲಿ ಕಿಟಕಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಿ. ಗಾಜಿನ ಜಾಗಕ್ಕೆ ಪ್ಯಾಕಿಂಗ್‌ನಲ್ಲಿ ಬರುವ ಪಾರದರ್ಶಕ ಪ್ಲಾಸ್ಟಿಕ್. ಅದನ್ನು ಹೊರಗಿನಿಂದ ಎರಡು ಪದರ ಬಿಟ್ಟು ಒಳಗೆ ಸೇರಿಸಿದರೆ ಕಿಟಕಿಗೆ ಆಳ ಬರುತ್ತದೆ, ಬೆಳಕು ಬಿದ್ದಾಗ ಅಂಚಿನಲ್ಲಿ ಸಣ್ಣ ನೆರಳು ಬೀಳುತ್ತದೆ. ಆ ನೆರಳಿಗೋಸ್ಕರವೇ ಇಷ್ಟೆಲ್ಲ ಕಷ್ಟ. ಒಂದೇ ರಟ್ಟಿನಲ್ಲಿ ಕೊರೆದ ಕಿಟಕಿಯಲ್ಲಿ ಅದು ಸಿಗುವುದೇ ಇಲ್ಲ.

ನನ್ನ ಮೊದಲ ಶೆಡ್ಡು ಒಂದು ವಾರದಲ್ಲಿ ಸೊಟ್ಟಗಾಯಿತು. ತುಂಬಾ ಬೇಜಾರಾಗಿತ್ತು. ಕಾರಣ ಆಮೇಲೆ ಗೊತ್ತಾಯಿತು. ಬಿಳಿ ಅಂಟಿನಲ್ಲಿ ನೀರಿರುತ್ತದೆ, ಬಣ್ಣದಲ್ಲೂ ಇರುತ್ತದೆ, ನಾನು ಹೊರಗಡೆ ಮಾತ್ರ ಬಣ್ಣ ಬಳಿದಿದ್ದೆ. ಒಂದು ಕಡೆ ನೆನೆದು ಹಿಗ್ಗಿ, ಒಣಗುವಾಗ ಕುಗ್ಗಿ, ಗೋಡೆಯನ್ನು ಎಳೆದುಕೊಂಡುಬಿಟ್ಟಿತು. ಈಗ ಎರಡೂ ಕಡೆ ಬಣ್ಣ ಬಳಿಯುತ್ತೇನೆ, ಅಂಟು ತೆಳ್ಳಗೆ ಹಚ್ಚುತ್ತೇನೆ, ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗಿಡುತ್ತೇನೆ. ಒಳಮೂಲೆಗಳಿಗೆ ಕಡ್ಡಿಯ ಆಸರೆ ಕೊಡುತ್ತೇನೆ. ಮಾಡು ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ತಗಡಿನ ಶೀಟಿನ ಮಾಡು. ಪಾರ್ಸೆಲ್ ಡಬ್ಬದ ರಟ್ಟಿನ ಮೇಲ್ಪದರ ಸುಲಿದರೆ ಒಳಗೆ ಅಲೆ ಅಲೆಯಾದ ಕಾಗದ ಸಿಗುತ್ತದಲ್ವಾ, ಬಹಳ ಜನ ಅದನ್ನೇ ಮಾಡಿಗೆ ಹಾಕುತ್ತಾರೆ. ಎಚ್‌ಒಗೆ ಆ ಅಲೆ ತೀರಾ ದೊಡ್ಡದು. ನಿಜವಾದ ಶೀಟಿನಲ್ಲಿ ಸಾಮಾನ್ಯವಾಗಿ ಅಲೆಯಿಂದ ಅಲೆಗೆ ಮೂರು ಇಂಚು, ಅಂದರೆ 76 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 0.87 ಮಿ.ಮೀ. ಅಷ್ಟು ಸಣ್ಣ ಅಲೆ ಎಲ್ಲಿ ಸಿಗುತ್ತದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಹಳೆಯ ಸ್ಕ್ರೂ, ಬೋಲ್ಟುಗಳ ಡಬ್ಬದಲ್ಲೇ ಇತ್ತು! ಸಾಮಾನ್ಯ ಎಂ5, ಅಂದರೆ 5 ಮಿ.ಮೀ. ದಪ್ಪದ ಬೋಲ್ಟಿನ ಥ್ರೆಡ್ಡುಗಳ (ಸುರುಳಿ ಗೆರೆಗಳ) ನಡುವಿನ ಅಂತರ 0.8 ಮಿ.ಮೀ. ಎಂ6 ಆದರೆ 1 ಮಿ.ಮೀ. ಎರಡೂ ನಡೆಯುತ್ತವೆ.

ಊಟ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಟ್ರೇಯ ತಳ ಕತ್ತರಿಸಿ, ಸೋಪು ಹಾಕಿ ಜಿಡ್ಡು ತೊಳೆಯಿರಿ. ಅದನ್ನು ಹಳೆಯ ಮೌಸ್‌ಪ್ಯಾಡ್ ಮೇಲಿಡಿ. ಉದ್ದದ ಬೋಲ್ಟನ್ನು ಅಡ್ಡ ಮಲಗಿಸಿ, ಚಪಾತಿ ಲಟ್ಟಿಸುವ ಹಾಗೆ ಒತ್ತಿ ಒಂದೇ ಸಲ ಉರುಳಿಸಿ. ಹಿಂದೆ ಮುಂದೆ ಮಾಡಬೇಡಿ, ಗೆರೆಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ. ಬಂದ ಗೆರೆಗಳು ಸ್ವಲ್ಪ ಓರೆಯಾಗಿರುತ್ತವೆ. ಥ್ರೆಡ್ ಬೋಲ್ಟನ್ನು ಸುತ್ತಿಕೊಂಡು ಹೋಗುತ್ತದೆ, ಆದ್ದರಿಂದ ಒಂದು ಸುತ್ತು ಉರುಳುವಷ್ಟರಲ್ಲಿ ಗೆರೆ ಒಂದು ಥ್ರೆಡ್ಡಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಚಿಂತೆ ಬೇಡ. ಶೀಟು ಕತ್ತರಿಸುವಾಗ ಟ್ರೇಯ ಅಂಚನ್ನು ನೋಡದೆ ಗೆರೆಯ ಜೊತೆಗೆ ಸ್ಕೇಲ್ ಇಟ್ಟರೆ ಸರಿಹೋಗುತ್ತದೆ.

ಇಡೀ ಮಾಡನ್ನು ಒಂದೇ ತುಂಡಿನಲ್ಲಿ ಮುಚ್ಚಬೇಡಿ. 28 ಮಿ.ಮೀ. ಉದ್ದ, 9 ಮಿ.ಮೀ. ಅಗಲದ ತುಂಡುಗಳನ್ನಾಗಿ ಕತ್ತರಿಸಿ. ಎಂಟು ಅಡಿಯ ಶೀಟು ಅಷ್ಟೇ ಬರುತ್ತದೆ. ಕೆಳಗಿನ ಸಾಲಿನಿಂದ ಶುರು ಮಾಡಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಂಟಿಸುತ್ತಾ ಮೇಲಕ್ಕೆ ಹೋಗಿ. ಒಂದೆರಡು ಶೀಟು ಚೂರು ಸೊಟ್ಟಗಿರಲಿ, ಒಂದರ ಮೂಲೆ ಮೇಲಕ್ಕೆದ್ದಿರಲಿ. ಪ್ರೈಮರ್ ಬಳಿದು ಒಣಗಿದ ಮೇಲೆ ಇಟ್ಟಿಗೆ ಚೂರನ್ನು ಕುಟ್ಟಿ ಜರಡಿ ಹಿಡಿದ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಸವರಿದರೆ ತುಕ್ಕು ಬರುತ್ತದೆ, ಅದರಲ್ಲೂ ಶೀಟು ಸೇರುವ ಕಡೆ.

ಉಳಿದದ್ದು ಚಿಕ್ಕದಾಗಿ ಹೇಳುತ್ತೇನೆ. ಮೊಟ್ಟೆ ಬರುವ ಕಾಗದದ ಟ್ರೇಯನ್ನು ಸಣ್ಣಗೆ ಹರಿದು ಅಂಟಿಸಿದರೆ ಕಲ್ಲಿನ ಅಡಿಪಾಯವಾಗುತ್ತದೆ, ಕತ್ತರಿ ಬೇಡ, ಹರಿದ ಅಂಚೇ ಚೆಂದ. ಸೋಸಿ ಉಳಿದ ಟೀ ಸೊಪ್ಪನ್ನು ನೆಲಕ್ಕೆ ಉದುರಿಸಬಹುದು, ಆದರೆ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಥರ್ಮೋಕೋಲ್ ಗುಡ್ಡಕ್ಕೆ ಒಳ್ಳೆಯದು. ಅದರ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಮಾತ್ರ ಹೊಡೆಯಬೇಡಿ, ಕರಗಿ ಗುಳಿ ಬೀಳುತ್ತದೆ.

ಮೇಜಿನ ಮೇಲೆ ನಾಲ್ಕು ಬೋಲ್ಟು, ಒಂದು ಮೌಸ್‌ಪ್ಯಾಡ್, ತೊಳೆದಿಟ್ಟ ಟ್ರೇಗಳಿವೆ. ಶೆಡ್ಡಿನ ಹಿಂದಿನ ಇಳಿಜಾರಿಗೆ ಇನ್ನೂ ಹನ್ನೆರಡು ಶೀಟು ಬೇಕು. ಬನ್ನಿ, ಒಬ್ಬೊಬ್ಬರು ಒಂದೊಂದು ಉರುಳಿಸಿ ಕೊಡಿ.