ಒಂದೇ ಗಾಡಿಯಲ್ಲಿ ಬಂದವರು

ಮಾನ್ಯರೇ,

ತೀರ್ಥಹಳ್ಳಿಯಲ್ಲಿ ನಿಂತು ಕುವೆಂಪು ಅವರ ಕಾದಂಬರಿ ‘ಕಾನೂರು ಹೆಗ್ಗಡಿತಿ’ಯ ಬಗ್ಗೆ ಮಾತಾಡುವುದೆಂದರೆ ನಿಮ್ಮ ಜಗಲಿಗೇ ಬಂದು ನಿಮ್ಮ ಮನೆ ಸುದ್ದಿ ಹೇಳಿದ ಹಾಗೆ. ಆದ್ದರಿಂದ ಪೂರ್ತಿ ಕಥೆಗೆ ಕೈಹಾಕುವುದಿಲ್ಲ. ಊರಿಗೆ ಮರಳಿದವನಿಗೆ ಮನೆಯವರು ಯಾಕೆ ದೂರವಾಗುತ್ತಾರೆ ಎಂಬ ಒಂದು ಎಳೆಯನ್ನಷ್ಟೇ ಹಿಡಿಯುತ್ತೇನೆ.

1936ರಲ್ಲಿ ಪ್ರಕಟವಾದ ಈ ಕಾದಂಬರಿ ಶುರುವಾಗುವುದೇ ಮರಳುವಿಕೆಯಿಂದ. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯ ಎತ್ತಿನ ಗಾಡಿಯಲ್ಲಿ ಕಾನೂರಿನ ದಾರಿ ಹಿಡಿದಿದ್ದಾರೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಒಡಹುಟ್ಟಿದವರಿಗಿಂತ ಹೆಚ್ಚು. ದಾರಿಯಲ್ಲಿ ಗಾಡಿ ಉರುಳಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುತ್ತದೆ. ಮೊದಲು ಅವನು ಮಲಗುವುದು ಮುತ್ತಳ್ಳಿಯಲ್ಲಿ, ನೆಂಟರ ಹುಡುಗಿ ಸೀತೆಯ ಮನೆಯಲ್ಲಿ. ಇದನ್ನು ಬರೀ ಆಕಸ್ಮಿಕವೆಂದು ದಾಟಿ ಹೋಗಬೇಡಿ. ಊರಿಗೆ ಬಂದವನಿಗೆ ಆರೈಕೆ, ಅಕ್ಕರೆ ಸಿಕ್ಕಿದ್ದು ನೆಂಟರ ಮನೆಯಲ್ಲಿ. ಸ್ವಂತ ಮನೆಯಲ್ಲಿ ಕಾದಿದ್ದದ್ದು ಚಿಕ್ಕಪ್ಪನ, ಅಂದರೆ ರಾಮಯ್ಯನ ಅಪ್ಪ ಚಂದ್ರಯ್ಯಗೌಡರ ದರ್ಪ ಮತ್ತು ಅನುಮಾನ.

ಚಂದ್ರಯ್ಯಗೌಡರ ಬಗ್ಗೆ ಬೇಕಾದಷ್ಟು ವಿಮರ್ಶೆ ಬಂದಿದೆ. ಮೂರನೆಯ ಮದುವೆ, ಹರೆಯದ ಹೆಂಡತಿ ಸುಬ್ಬಮ್ಮ, ಓದಿದವರ ಮೇಲಿನ ಸಿಟ್ಟು, ಎಲ್ಲವೂ ಕೊನೆಗೆ ಮನೆ ಪಾಲಾಗುವುದರಲ್ಲಿ ಮುಟ್ಟುತ್ತವೆ. ನಮ್ಮ ಕಡೆ ಹಿಸ್ಸೆ ಎಂದರೆ ಗದ್ದೆ ತೋಟದ ಲೆಕ್ಕಕ್ಕೆ ಮುಗಿಯುವುದಿಲ್ಲವಲ್ಲ! ಬಚ್ಚಲ ಹಂಡೆ ಯಾರಿಗೆ, ಕೊಟ್ಟಿಗೆಯ ಕರೆಯುವ ಎಮ್ಮೆ ಯಾರಿಗೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಯಾರ ಪಾಲು ಎಲ್ಲಿಯವರೆಗೆ, ಅಜ್ಜಿಯ ಕಾಲದ ಹಿತ್ತಾಳೆ ಚೊಂಬು ಯಾರ ನಾಗಂದಿಗೆಗೆ... ಪಂಚರ ಮುಂದೆ ಒಂದೊಂದನ್ನೂ ಎತ್ತಿಡುವಾಗ ಹೆಂಗಸರ ಮುಖ ಹೇಗಿರುತ್ತದೆಂದು ಕಂಡವರು ಈ ಸಭೆಯಲ್ಲಿ ಇದ್ದೇ ಇದ್ದೀರಿ.

ಆದರೂ ನನಗೆ ಈ ಕಾದಂಬರಿಯ ನಿಜವಾದ ಬಿರುಕು ಕಾಣುವುದು ಒಂದೇ ಗಾಡಿಯಲ್ಲಿ ಬಂದ ಆ ಇಬ್ಬರ ನಡುವೆ. ಚಿಕ್ಕಪ್ಪನ ಜಗಳಕ್ಕೆ ಗದ್ದಲವಿದೆ, ಊರೆಲ್ಲ ಸಾಕ್ಷಿಯಿದೆ. ರಾಮಯ್ಯ ದೂರವಾದದ್ದು ಸದ್ದಿಲ್ಲದೆ. ಅವನು ಕೆಟ್ಟವನಲ್ಲ. ಹೂವಯ್ಯ ಓದಿದ್ದನ್ನೇ ಓದಿದ್ದಾನೆ, ಅದೇ ಕನಸು ಕಂಡಿದ್ದಾನೆ. ಅಪ್ಪನ ಎದುರು ಮಾತ್ರ ನಾಲಗೆ ಏಳುವುದಿಲ್ಲ. ಹೂವಯ್ಯನ ಮನಸ್ಸು ಎಲ್ಲಿದೆಯೆಂದು ಬಲ್ಲವನೇ ಕೊನೆಗೆ ಸೀತೆಯ ಕೊರಳಿಗೆ ತಾಳಿ ಕಟ್ಟುತ್ತಾನೆ. ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರು ಹೀಗೆ ಬೇರೆಯಾಗಿಲ್ಲ ಹೇಳಿ! ಕೈಕೈ ಮಿಲಾಯಿಸಿದವರು ಒಂದು ಸಾವಿಗೋ ಮದುವೆಗೋ ಮತ್ತೆ ಕೂಡುತ್ತಾರೆ. ಆಡಬೇಕಾದಾಗ ಮಾತಾಡದವನ ಹತ್ತಿರ ಹೋಗಿ ಏನೆಂದು ಕೇಳುವುದು?

ಇನ್ನೊಂದು ಸಂಗತಿ. ಹೂವಯ್ಯ ಮೈಸೂರಿಗೆ ಓಡಿಹೋಗುವುದಿಲ್ಲ. ತಾಯಿ ನಾಗಮ್ಮನೊಂದಿಗೆ ಕೆಳಕಾನೂರಿನಲ್ಲಿ, ಬಿಟ್ಟ ಮನೆಯ ಮಗ್ಗುಲಲ್ಲೇ ಒಕ್ಕಲು ಹೂಡುತ್ತಾನೆ. ಇದನ್ನು ಬರೆದ ಕುವೆಂಪು ಮಾತ್ರ ಬದುಕು ಕಟ್ಟಿಕೊಂಡದ್ದು ಮೈಸೂರಿನಲ್ಲಿ. ತಮ್ಮೂರು ಕುಪ್ಪಳಿಯ ಕವಿಶೈಲದ ಗುಡ್ಡಕ್ಕೆ ಶಾಶ್ವತವಾಗಿ ಬಂದದ್ದು 1994ರಲ್ಲಿ, ತೀರಿಕೊಂಡ ಮೇಲೆ. ತಾನು ಬಾಳದ ಬಾಳನ್ನು ಹೂವಯ್ಯನಿಗೆ ಕೊಟ್ಟರು ಎಂದೇ ನಾನು ಓದುತ್ತೇನೆ. ದೂರವಾದವರ ಕಣ್ಣೆದುರೇ ದಿನ ಬೆಳಗಾದರೆ ಓಡಾಡಿಕೊಂಡಿರಲು ಬೇಕಾದ ಗಟ್ಟಿತನ ಸಣ್ಣದಲ್ಲ.

ಆದರೆ ಹೂವಯ್ಯನ ಬಗ್ಗೆ ನನ್ನ ತಕರಾರೂ ಇದೆ. ತಾನು ಕಳೆದುಕೊಂಡದ್ದನ್ನು ಆದರ್ಶವಾಗಿ, ಧ್ಯಾನವಾಗಿ ಮಾಡಿಕೊಳ್ಳಲು ಅವನಿಗೆ ಪುಸ್ತಕಗಳಿವೆ, ಕಾಡಿದೆ, ಏಕಾಂತವಿದೆ. ಸೀತೆಗೆ ಅದರಲ್ಲಿ ಯಾವುದಿದೆ? ವಿಮರ್ಶಕರು ಅವನ ತ್ಯಾಗದ ಬಗ್ಗೆ ಬರೆದಷ್ಟು ಅವಳ ಬಗ್ಗೆ ಬರೆದಿಲ್ಲ. ನಿಮ್ಮಲ್ಲಿ ಸಂಶೋಧನೆ ಮಾಡುತ್ತಿರುವ ಹೆಣ್ಣುಮಕ್ಕಳು ಮುತ್ತಳ್ಳಿಯಿಂದ ಈ ಕಾದಂಬರಿಯನ್ನು ಓದಲು ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.